ಪೇಟೆ ಬೀದಿಗೆ ಒಪ್ಪುವ ನಾಮಫಲಕ



ಹೆಬ್ಬಾಳದ ಮೇಲ್ಸೇತುವೆ ದಾಟಿ ಬಳ್ಳಾರಿ ರಸ್ತೆಯಲ್ಲಿ ಯಲಹಂಕದ ಕಡೆಗೆ ಬಸ್ಸಿನಲ್ಲಿ ಹೋಗುವಾಗ ಕಿಟಕಿಯ ಹೊರಗಿನ ನಾಮಫಲಕಗಳನ್ನು ಗಮನಿಸಿದ್ದೀರಾ? ವಾಹನಗಳು ವೇಗವಾಗಿ ಓಡುವ ರಸ್ತೆ ಅದು. ಅಲ್ಲಿನ ಫಲಕಗಳು ದೊಡ್ಡವು, ಬಣ್ಣಗಳು ಕಣ್ಣು ಕುಕ್ಕುವಂಥವು. ಇನ್ನು ಯಲಹಂಕದಲ್ಲಿ ಇಳಿದು, ಉಪನಗರದ ಕಡೆಗೆ ಹೋಗದೆ, ಹಳೆಯ ಊರಿನ ಬೀದಿಗಳಲ್ಲಿ ನಡೆಯಿರಿ. ರಸ್ತೆ ಕಿರಿದಾಗುತ್ತದೆ. ವೇಗ ಕಡಿಮೆಯಾಗುತ್ತದೆ. ಹೂವಿನವರು, ತರಕಾರಿಯವರು, ದಿನಸಿ ಅಂಗಡಿಯವರು ಕೈಗೆಟಕುವಷ್ಟು ಹತ್ತಿರದಲ್ಲಿದ್ದಾರೆ. ಆದರೆ ತಲೆ ಎತ್ತಿ ನೋಡಿದರೆ ಅಂಗಡಿಗಳ ಮೇಲೆ ಹೆದ್ದಾರಿಯ ಅಳತೆಯ ಫಲಕಗಳೇ ಕಾಣುತ್ತವೆ. ಅವುಗಳ ಹಿಂದೆ ಹಳೆಯ ಕಿಟಕಿ ಇದೆಯೇ, ಮರದ ತೊಲೆ ಇದೆಯೇ, ಹೆಂಚಿನ ಮಾಡು ಇದೆಯೇ ಎಂಬುದು ತಿಳಿಯುವುದೇ ಇಲ್ಲ.

ಹಳೆಯ ವ್ಯಾಪಾರದ ಬೀದಿಯಲ್ಲಿ ಅಂಗಡಿಯ ಫಲಕ ಹೇಗಿರಬೇಕು? ಇದು ಕೇವಲ ಅಂದಚಂದದ ಪ್ರಶ್ನೆಯಲ್ಲ. ಕಣ್ಣಿನ ಲೆಕ್ಕ, ಲಿಪಿಯ ಸ್ವಭಾವ, ಕಟ್ಟಡದ ಆರೋಗ್ಯ, ವ್ಯಾಪಾರಿಯ ಹೊಟ್ಟೆಪಾಡು ಈ ನಾಲ್ಕೂ ಇದರಲ್ಲಿ ಸೇರಿವೆ. ಒಂದೊಂದನ್ನಾಗಿ ನೋಡೋಣ.

ಕಲ್ಲಿನ ಮೇಲಿನ ಪಾಠ

ಮೊದಲು ಹೆಬ್ಬಾಳಕ್ಕೇ ಹಿಂತಿರುಗೋಣ. ಅಲ್ಲಿ 2018ರಲ್ಲಿ ನೆಲ ಅಗೆಯುವಾಗ ಒಂದು ವೀರಗಲ್ಲು ದೊರೆಯಿತು. ಗಂಗರ ದೊರೆ ಶ್ರೀಪುರುಷನ ಕಾಲದ್ದು, ಅಂದರೆ ಸುಮಾರು ಕ್ರಿ.ಶ. 750ರದ್ದು. ಹೋರಾಡಿ ಮಡಿದ ಕಿತ್ತಯ್ಯ ಎಂಬ ವೀರನ ಹೆಸರು ಅದರಲ್ಲಿದೆ. ಹೆಬ್ಬಾಳದ ಹಳೆಯ ರೂಪವಾದ 'ಪೆರ್ಬೊಳಲ್' ಎಂಬ ಹೆಸರೂ ಇದೆ. ಒಬ್ಬ ಮನುಷ್ಯನ ಹೆಸರನ್ನೂ ಒಂದು ಊರಿನ ಹೆಸರನ್ನೂ ಹನ್ನೆರಡೂವರೆ ಶತಮಾನಕ್ಕಿಂತ ಹೆಚ್ಚು ಕಾಲ ಕಾಪಾಡಿದ ಬರಹ ಅದು.

ನಾಮಫಲಕಕ್ಕೂ ವೀರಗಲ್ಲಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ನಮ್ಮ ನಾಡಿನ ಅನೇಕ ವೀರಗಲ್ಲುಗಳಲ್ಲಿ ಚಿತ್ರಗಳು ಹಂತಹಂತವಾಗಿ ಇರುತ್ತವೆ. ಆ ಹಂತಗಳ ನಡುವಿನ ಪಟ್ಟಿಕೆಗಳಲ್ಲಿ ಬರಹ ಇರುತ್ತದೆ. ಚಿತ್ರಕ್ಕೆ ಒಂದು ಜಾಗ, ಅಕ್ಷರಕ್ಕೆ ಒಂದು ಜಾಗ. ಅಕ್ಷರ ಚಿತ್ರದ ಮುಖವನ್ನು ಮುಚ್ಚುವುದಿಲ್ಲ. ಒಳ್ಳೆಯ ನಾಮಫಲಕದ ಮೊದಲ ನಿಯಮವೂ ಇದೇ. ಕಟ್ಟಡದಲ್ಲಿ ಫಲಕಕ್ಕೆಂದು ಇರುವ ಜಾಗವನ್ನು ಗುರುತಿಸಬೇಕು. ಅದರೊಳಗೆ ಹೇಳಬೇಕಾದುದನ್ನು ಹೇಳಬೇಕು.

ಯಲಹಂಕ ಬಾಗಿಲಿನಿಂದ ಪೇಟೆಗೆ

ಯಲಹಂಕ ನಾಡಪ್ರಭುಗಳ ಊರು. ಆ ಮನೆತನದ ಒಂದನೆಯ ಕೆಂಪೇಗೌಡರು 1537ರಲ್ಲಿ ಬೆಂಗಳೂರಿನ ಕೋಟೆ ಮತ್ತು ಪೇಟೆಗಳನ್ನು ಕಟ್ಟಿಸಿದರೆಂಬುದನ್ನು ನೀವು ಪಠ್ಯಪುಸ್ತಕದಲ್ಲಿ ಓದಿದ್ದೀರಿ. ಪೇಟೆಯ ಉತ್ತರದ ಬಾಗಿಲಿಗೆ ಯಲಹಂಕ ಬಾಗಿಲು ಎಂದೇ ಹೆಸರು. ಅಲ್ಲಿಂದ ದಕ್ಷಿಣಕ್ಕೆ ಕೋಟೆಯತ್ತ ಹೋಗುತ್ತಿದ್ದುದು ದೊಡ್ಡಪೇಟೆ, ಇಂದಿನ ಅವೆನ್ಯೂ ರಸ್ತೆ. ಪೂರ್ವದ ಹಲಸೂರು ಬಾಗಿಲಿನಿಂದ ಪಶ್ಚಿಮದ ಸೊಂಡೆಕೊಪ್ಪ ಬಾಗಿಲಿನವರೆಗೆ ಚಿಕ್ಕಪೇಟೆಯ ಬೀದಿ. ಇವೆರಡೂ ಸೇರುವ ಸ್ಥಳವೇ ಪೇಟೆಯ ನಡುಮನೆ.

ಯಲಹಂಕ ಬಾಗಿಲು ಈಗ ಇಲ್ಲ. ಅದು ಇದ್ದ ಜಾಗವನ್ನು ಜನ ಮೈಸೂರು ಬ್ಯಾಂಕ್ ವೃತ್ತ ಎನ್ನುತ್ತಾರೆ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ವಿಲೀನವಾಯಿತು. ಆದರೂ ವೃತ್ತದ ಹೆಸರು ಜನರ ಬಾಯಿಂದ ಹೋಗಿಲ್ಲ. ಬಾಗಿಲು ಹೋದರೂ, ಬ್ಯಾಂಕು ಹೋದರೂ ಹೆಸರು ಉಳಿಯುತ್ತದೆ. ಬೀದಿಯಲ್ಲಿ ಬರೆದ ಹೆಸರಿಗೆ ಅಷ್ಟು ಶಕ್ತಿಯಿದೆ.

ಪೇಟೆಯ ಬೀದಿಗಳ ಹೆಸರುಗಳನ್ನು ಗಮನಿಸಿ: ಅಕ್ಕಿಪೇಟೆ, ಬಳೇಪೇಟೆ, ಅರಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ. ಬೀದಿಯ ಹೆಸರೇ ಅಲ್ಲಿ ಸಿಗುವ ಸರಕನ್ನು ಅಥವಾ ಅಲ್ಲಿ ಕೆಲಸ ಮಾಡುವವರನ್ನು ಹೇಳುತ್ತದೆ. ಇಡೀ ಬೀದಿಯೇ ಒಂದು ನಾಮಫಲಕ! ಒಂದೇ ಬೀದಿಯಲ್ಲಿ ಎಲ್ಲರೂ ಬಳೆ ಮಾರುವಾಗ 'ಇಲ್ಲಿ ಬಳೆ ಸಿಗುತ್ತದೆ' ಎಂದು ಬರೆದು ಹಾಕುವ ಅಗತ್ಯವಿಲ್ಲ. ಮುಂದೆ ತೂಗುಹಾಕಿದ ಬಳೆಯ ಸಾಲೇ ಸಾಕು. ಇಂದು ಒಂದೇ ಬೀದಿಯಲ್ಲಿ ಹತ್ತು ಬಗೆಯ ವ್ಯಾಪಾರ ನಡೆಯುತ್ತದೆ. ಊರಿಗೆ ಹೊಸಬರು ಬಹಳ. ಆದ್ದರಿಂದ ಫಲಕ ಬೇಕೇ ಬೇಕು. ಫಲಕ ಬೇಕೇ ಎಂಬುದಕ್ಕಿಂತ ಎಂಥ ಫಲಕ ಎಂಬುದೇ ಮುಖ್ಯ.

ಎಷ್ಟು ದೊಡ್ಡದಿರಬೇಕು?

ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಹೋಗುವ ವಾಹನ ಒಂದು ಸೆಕೆಂಡಿನಲ್ಲಿ ಸುಮಾರು 17 ಮೀಟರ್ ದೂರ ಸಾಗುತ್ತದೆ. ಒಂದು ಫಲಕವನ್ನು ಗುರುತಿಸಿ ಓದಲು ನಾಲ್ಕು ಸೆಕೆಂಡು ಬೇಕೆಂದಿಟ್ಟುಕೊಳ್ಳಿ. ಅಷ್ಟರಲ್ಲಿ ವಾಹನ 68 ಮೀಟರ್, ಅಂದರೆ 220 ಅಡಿಗೂ ಹೆಚ್ಚು ದೂರ ಸಾಗಿರುತ್ತದೆ. ಆದ್ದರಿಂದ ಹೆದ್ದಾರಿಯ ಫಲಕ ಅಷ್ಟು ದೂರದಿಂದಲೇ ಕಾಣಬೇಕು. ಆದರೆ ನಡೆದು ಹೋಗುವವರು ಅದೇ ನಾಲ್ಕು ಸೆಕೆಂಡಿನಲ್ಲಿ ಐದಾರು ಮೀಟರ್ ಮಾತ್ರ ಸಾಗುತ್ತಾರೆ.

ಫಲಕ ಮಾಡುವವರಲ್ಲಿ ಒಂದು ಸ್ಥೂಲ ಲೆಕ್ಕವಿದೆ: ಪ್ರತಿ ಹತ್ತು ಅಡಿ ದೂರಕ್ಕೆ ಒಂದು ಅಂಗುಲ ಎತ್ತರದ ಅಕ್ಷರವಿದ್ದರೆ ಸಲೀಸಾಗಿ ಓದಬಹುದು. ಈ ಲೆಕ್ಕದಂತೆ 220 ಅಡಿ ದೂರದಿಂದ ಓದಲು 22 ಅಂಗುಲದ ಅಕ್ಷರ ಬೇಕು. ಇಪ್ಪತ್ತು ಅಡಿ ಅಗಲದ ಹಳೆಯ ಬೀದಿಯಲ್ಲಿ ಎದುರು ಬದಿಯಲ್ಲಿ ನಿಂತವರಿಗೆ ಎರಡು ಅಂಗುಲ ಸಾಕು. ಐವತ್ತು ಅಡಿ ದೂರದಿಂದ ಬರುವವರಿಗೆ ಐದು ಅಂಗುಲ ಸಾಕು. ಇದು ಮೂಲತಃ ರೋಮನ್ ಅಕ್ಷರಗಳಿಗೆ ಹೊಂದಿಸಿದ ಲೆಕ್ಕ. ಕನ್ನಡ ಅಕ್ಷರಗಳಲ್ಲಿ ಸುಳಿ, ತಿರುವುಗಳು ಹೆಚ್ಚಾದ್ದರಿಂದ ಸ್ವಲ್ಪ ಹೆಚ್ಚಿಸಿ ಆರೇಳು ಅಂಗುಲ ಎಂದಿಟ್ಟುಕೊಳ್ಳೋಣ. ಹಾಗಾದರೂ ಕಿರಿದಾದ ಬೀದಿಯಲ್ಲಿ ಎರಡಡಿ ಎತ್ತರದ ಅಕ್ಷರದಿಂದ ಯಾರಿಗೂ ಉಪಯೋಗವಿಲ್ಲ. ಹತ್ತಿರ ನಿಂತವರು ಅದನ್ನು ಪೂರ್ತಿ ನೋಡಲು ಕತ್ತು ಎತ್ತಿ ಹಿಂದೆ ಸರಿಯಬೇಕು, ಅಷ್ಟೆ.

ಇನ್ನೊಂದು ಅಂಶವಿದೆ. ಕಿರಿದಾದ ಬೀದಿಯಲ್ಲಿ ನಾವು ಅಂಗಡಿಗಳ ಸಾಲಿನ ಪಕ್ಕದಲ್ಲೇ ನಡೆಯುತ್ತೇವೆ. ಗೋಡೆಗೆ ಒರಗಿಸಿದ ಫಲಕ ಆಗ ಓರೆಯಾಗಿ ಕಾಣುತ್ತದೆ. ಅಕ್ಷರಗಳು ಒತ್ತೊತ್ತಾಗಿ ಸೇರಿಕೊಂಡಂತಾಗುತ್ತವೆ. ಗೋಡೆಗೆ ಅಡ್ಡಲಾಗಿ, ಬೀದಿಯ ಕಡೆಗೆ ಚಾಚಿದ ಒಂದು ಅಡಿ ಅಗಲದ ಪುಟ್ಟ ಫಲಕವೊಂದಿದ್ದರೆ ನಡೆಯುವವರಿಗೆ ಅದು ನೇರವಾಗಿ ಕಾಣುತ್ತದೆ. ಹತ್ತಡಿಯ ಫ್ಲೆಕ್ಸ್ ಮಾಡಲಾರದ ಕೆಲಸವನ್ನು ಅದು ಮಾಡಬಲ್ಲದು. ಆದರೆ ಅದು ತಲೆಗೆ ತಾಗದಷ್ಟು ಎತ್ತರದಲ್ಲಿರಬೇಕು. ಗಾಳಿಗೆ ಕಳಚಿ ಬೀಳದಂತೆ ಭದ್ರವಾಗಿರಬೇಕು. ಇದಕ್ಕೆ ಪಾಲಿಕೆಯ ಅನುಮತಿ ಬೇಕೇ ಎಂಬುದನ್ನೂ ಮೊದಲೇ ವಿಚಾರಿಸಬೇಕು.

ಕನ್ನಡ ಅಕ್ಷರದ ಮೂರು ಅಂತಸ್ತು

ರಾಜ್ಯದಲ್ಲಿ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ 2022ರಲ್ಲಿ ರೂಪುಗೊಂಡಿತು. 2023ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ನಾಮಫಲಕಗಳ ವಿಷಯವಾಗಿ ಹೋರಾಟ ನಡೆಯಿತು. 2024ರಲ್ಲಿ ಕಾಯಿದೆಗೆ ತಿದ್ದುಪಡಿಯಾಗಿ, ಅಂಗಡಿ ಮುಂಗಟ್ಟುಗಳ ಫಲಕಗಳಲ್ಲಿ ಶೇಕಡಾ 60 ಭಾಗ ಕನ್ನಡ ಇರಬೇಕು, ಅದು ಮೇಲ್ಭಾಗದಲ್ಲಿರಬೇಕು ಎಂದಾಯಿತು. ಆ ದಿನಗಳಲ್ಲಿ ಅನೇಕ ಅಂಗಡಿಗಳು ಅವಸರ ಅವಸರವಾಗಿ ಫಲಕ ಬದಲಿಸಿದವು. ಕನ್ನಡ ಬಂತು. ಆದರೆ ಓದಲು ಬರುವಂತೆ ಬಂದಿತೇ?

ಒಂದು ಉದಾಹರಣೆ ನೋಡಿ. 'ಲಕ್ಷ್ಮೀ ಗ್ರಂಥಿಗೆ ಅಂಗಡಿ' ಎಂದು ಬರೆಯಬೇಕಾಗಿದೆ ಎನ್ನೋಣ. ಇಂಗ್ಲಿಷಿನ ದೊಡ್ಡಕ್ಷರಗಳೆಲ್ಲ ಒಂದೇ ಎತ್ತರದವು. ಎರಡು ಗೆರೆಗಳ ನಡುವೆ ಇಟ್ಟಿಗೆ ಜೋಡಿಸಿದಂತೆ ಕೂರುತ್ತವೆ. ಕನ್ನಡ ಹಾಗಲ್ಲ. ನಡುವಿನ ಅಂತಸ್ತಿನಲ್ಲಿ ಅಕ್ಷರದ ಮೈ ಇರುತ್ತದೆ. ಮೇಲಿನ ಅಂತಸ್ತಿನಲ್ಲಿ ತಲೆಕಟ್ಟು, ಗುಡಿಸು, ಏತ್ವಗಳು. ಕೆಳಗಿನ ಅಂತಸ್ತಿನಲ್ಲಿ ಒತ್ತಕ್ಷರ. 'ಕ್ಷ್ಮೀ' ಎಂಬಲ್ಲಿ ಕಕಾರಕ್ಕೆ ಷಕಾರದ ಒತ್ತು, ಅದರ ಜೊತೆಗೆ ಮಕಾರದ ಒತ್ತು, ಮೇಲೆ ಗುಡಿಸು, ಪಕ್ಕದಲ್ಲಿ ದೀರ್ಘ. ಒಂದೇ ಅಕ್ಷರಕ್ಕೆ ಒಂದು ಮನೆಯಷ್ಟು ಜಾಗ ಬೇಕು!

ಇಂಗ್ಲಿಷಿಗೆಂದು ಅಳೆದ ಪಟ್ಟಿಯೊಳಗೆ ಕನ್ನಡವನ್ನು ತುರುಕಿದರೆ ಏನಾಗುತ್ತದೆ? ಒತ್ತಕ್ಷರಗಳು ಇರುವೆಯಷ್ಟಾಗುತ್ತವೆ, ಅಥವಾ ಕೆಳಗಿನ ಸಾಲಿಗೆ ತಾಗುತ್ತವೆ, ಅಥವಾ ಇಡೀ ಪದವನ್ನು ಮೇಲಿನಿಂದ ಒತ್ತಿ ಚಪ್ಪಟೆ ಮಾಡಿರುತ್ತಾರೆ. ವಿಸ್ತೀರ್ಣದ ಲೆಕ್ಕದಲ್ಲಿ ಶೇಕಡಾ 60 ಇರುತ್ತದೆ. ಕಣ್ಣಿನ ಲೆಕ್ಕದಲ್ಲಿ ಅರ್ಧವೂ ಇರುವುದಿಲ್ಲ. ಆದ್ದರಿಂದ ಫಲಕ ವಿನ್ಯಾಸ ಮಾಡುವಾಗ ಕನ್ನಡದಿಂದಲೇ ಆರಂಭಿಸಬೇಕು. ಮೊದಲು ಕನ್ನಡದ ಮೂರು ಅಂತಸ್ತಿಗೂ ಜಾಗ ಕೊಡಿ. ಒಂದಡಿ ಎತ್ತರದ ಪಟ್ಟಿಯಿದ್ದರೆ ಅಕ್ಷರದ ಮೈಗೆ ಐದಾರು ಅಂಗುಲ ಇಟ್ಟುಕೊಂಡು, ಉಳಿದುದನ್ನು ಮೇಲೆ ಕೆಳಗೆ ಹಂಚಿ. ಅನಂತರ ಉಳಿದ ಜಾಗದಲ್ಲಿ ಇತರ ಭಾಷೆ ಬರಲಿ.

ಅಕ್ಷರ ಬರೆಯುವ ಕಲಾವಿದರು ಇದನ್ನು ಕೈಯಿಂದಲೇ ಬಲ್ಲವರು. ಬಣ್ಣ ಬಳಿದ ತಗಡಿನ ಮೇಲೆ ಸೀಮೆಸುಣ್ಣದಿಂದ ಗೆರೆ ಹಾಕಿ, ಒತ್ತಕ್ಷರ ಎಲ್ಲಿ ಬರುತ್ತದೆಂದು ಮೊದಲೇ ನೋಡಿಕೊಂಡು, ಪಕ್ಕದ ಅಕ್ಷರವನ್ನು ಸ್ವಲ್ಪ ಸರಿಸಿ, ಕುಂಚ ಹಿಡಿಯುತ್ತಾರೆ. ಗಣಕಯಂತ್ರದಲ್ಲಿ ಮುದ್ರಿಸುವ ಫ್ಲೆಕ್ಸ್ ಬಂದ ಮೇಲೆ ಈ ಕೆಲಸ ಬಹುಮಟ್ಟಿಗೆ ಕಡಿಮೆಯಾಯಿತು. ಎಲ್ಲ ಅಂಗಡಿಗಳ ಮೇಲೂ ಒಂದೆರಡು ಬಗೆಯ ಅಕ್ಷರಗಳೇ ಕಾಣತೊಡಗಿದವು. ಗಣಕದಲ್ಲಿ ಮಾಡಿದರೆ ಕೆಟ್ಟದ್ದೇ ಆಗಬೇಕೆಂದೇನೂ ಇಲ್ಲ. ಬಾಲೂ ತಮ್ಮ, ಅನೇಕ್ ಕನ್ನಡ, ತಿರೋ ಕನ್ನಡ ಮೊದಲಾದ ಒಳ್ಳೆಯ ಅಕ್ಷರವಿನ್ಯಾಸಗಳು ಇಂದು ಉಚಿತವಾಗಿ ದೊರೆಯುತ್ತವೆ. ಆರಿಸುವವರಿಗೆ ಕಣ್ಣಿರಬೇಕು, ತಾಳ್ಮೆಯಿರಬೇಕು.

ಯಾವ ಮಾತು ಬರೆಯಬೇಕು?

ಲಿಪಿ ಕನ್ನಡವಾದ ಮಾತ್ರಕ್ಕೆ ಮಾತು ತಿಳಿಯುತ್ತದೆ ಎನ್ನಲಾಗದು. 'ಎಂಟರ್‌ಪ್ರೈಸಸ್' ಎಂದು ಕನ್ನಡದಲ್ಲಿ ಬರೆದರೆ ಒಳಗೆ ಸಿಗುವುದು ಬಟ್ಟೆಯೋ ಮೊಳೆಯೋ ತಿಳಿಯದು. ಗ್ರಂಥಿಗೆ ಅಂಗಡಿ, ಪಾತ್ರೆ ಅಂಗಡಿ, ಜವಳಿ ಅಂಗಡಿ, ದಿನಸಿ ಅಂಗಡಿ ಎಂದರೆ ಅಜ್ಜಿಯಿಂದ ಮೊಮ್ಮಗಳವರೆಗೆ ಎಲ್ಲರಿಗೂ ಅರ್ಥವಾಗುತ್ತದೆ. ಸಂಕ್ಷೇಪಗಳ ವಿಷಯದಲ್ಲೂ ಎಚ್ಚರ ಬೇಕು. ಆರ್.ಟಿ. ನಗರ ಎಂದು ದಿನವೂ ಹೇಳುವವರಲ್ಲಿ ಎಷ್ಟು ಮಂದಿಗೆ ಅದು ರವೀಂದ್ರನಾಥ ಟ್ಯಾಗೋರರ ಹೆಸರಿನ ಬಡಾವಣೆಯೆಂದು ನೆನಪಿದೆ? ಎರಡಕ್ಷರದ ಹಿಂದೆ ಕವಿಯೇ ಮರೆಯಾಗಿಬಿಟ್ಟರು.

ಫಲಕದಲ್ಲಿ ಇರಬೇಕಾದುದು ಎರಡೇ: ಅಂಗಡಿಯ ಹೆಸರು, ಅದರ ಕಸುಬು. ದೂರವಾಣಿ ಸಂಖ್ಯೆ, ಸಿಗುವ ಸಾಮಾನುಗಳ ಪಟ್ಟಿ, ದರಗಳು ಇವೆಲ್ಲ ಬಾಗಿಲ ಪಕ್ಕದಲ್ಲೋ ಗಾಜಿನ ಮೇಲೋ ಇದ್ದರೆ ಸಾಕು. ಅವುಗಳನ್ನು ಓದುವವರು ಹತ್ತಿರ ಬಂದೇ ಓದುತ್ತಾರೆ.

ಕಟ್ಟಡದ ಮಾತನ್ನೂ ಕೇಳಿ

ಹಳೆಯ ಅಂಗಡಿಯ ಮುಂಭಾಗವನ್ನು ಗಮನಿಸಿದರೆ ಬಾಗಿಲಿನ ಮೇಲ್ತುದಿಗೂ ಮೇಲಿನ ಸಜ್ಜೆಗೂ ನಡುವೆ ಒಂದು ಅಡ್ಡಪಟ್ಟಿ ಸಾಮಾನ್ಯವಾಗಿ ಕಾಣುತ್ತದೆ. ಫಲಕಕ್ಕೆ ಅದೇ ಸರಿಯಾದ ಜಾಗ. ಮೇಲಂತಸ್ತಿನ ಕಿಟಕಿ, ಕಂಬದ ಬೋದಿಗೆ, ಗಾರೆಯ ಹೂಬಳ್ಳಿ ಇವುಗಳನ್ನು ಮುಚ್ಚಬಾರದು.

ಇಲ್ಲಿ ಸೌಂದರ್ಯದ ಜೊತೆಗೆ ವಿಜ್ಞಾನವೂ ಇದೆ. ಹಳೆಯ ಗೋಡೆಗಳಿಗೆ ಸುಣ್ಣದ ಗಾರೆ ಬಳಿದಿರುತ್ತಾರೆ. ಸುಣ್ಣದ ಗೋಡೆ ಮಳೆಗಾಲದಲ್ಲಿ ಹೀರಿದ ತೇವವನ್ನು ಬಿಸಿಲು ಬಂದಾಗ ಹೊರಗೆ ಬಿಡುತ್ತದೆ. ಅದರ ಮೇಲೆ ಪ್ಲಾಸ್ಟಿಕ್ ಹಾಳೆಯನ್ನೋ ಲೋಹದ ಹಲಗೆಯನ್ನೋ ಪೂರ್ತಿ ಹೊದಿಸಿದರೆ ತೇವ ಒಳಗೇ ನಿಲ್ಲುತ್ತದೆ. ಗಾರೆ ಉದುರುತ್ತದೆ, ಮರದ ತೊಲೆ ಕೊಳೆಯುತ್ತದೆ. ಹೊರಗೆ ಫಲಕ ಥಳಥಳಿಸುತ್ತಿದ್ದರೂ ಹಿಂದೆ ಗೋಡೆ ಸಾಯುತ್ತಿರುತ್ತದೆ. ಆದ್ದರಿಂದ ಫಲಕ ಮತ್ತು ಗೋಡೆಯ ನಡುವೆ ಗಾಳಿಯಾಡಲು ಒಂದೆರಡು ಅಂಗುಲ ಸಂದು ಬಿಡಬೇಕು. ಕಲ್ಲನ್ನೂ ಇಟ್ಟಿಗೆಯನ್ನೂ ಕೊರೆಯದೆ, ಅವುಗಳ ನಡುವಿನ ಗಾರೆಯ ಸಂದಿನಲ್ಲಿ ಮೊಳೆ ಹಾಕಬೇಕು. ನಾಳೆ ಅಂಗಡಿ ಬದಲಾದರೆ ಫಲಕವನ್ನು ತೆಗೆದಾಗ ಗೋಡೆ ಮೊದಲಿನಂತೆಯೇ ಇರಬೇಕು. ಫಲಕ ಕಟ್ಟಡಕ್ಕೆ ಬಂದ ನೆಂಟನಂತೆ. ನೆಂಟ ಮನೆಯ ಗೋಡೆ ಒಡೆಯುವುದಿಲ್ಲ.

ಸಾಮಗ್ರಿಯಲ್ಲಿ ಮರ, ಬಣ್ಣ ಬಳಿದ ತಗಡು, ಹಿತ್ತಾಳೆಯ ಬಿಡಿ ಅಕ್ಷರಗಳು ಹಳೆಯ ಕಟ್ಟಡಕ್ಕೆ ಹೊಂದುತ್ತವೆ. ಬಿಡಿ ಅಕ್ಷರಗಳಿಗೆ ಇನ್ನೊಂದು ಗುಣವಿದೆ: ಅವುಗಳ ನಡುವೆ ಗೋಡೆ ಕಾಣುತ್ತಲೇ ಇರುತ್ತದೆ. ಬೆಳಕು ಫಲಕದ ಒಳಗಿನಿಂದ ಉರಿಯುವುದಕ್ಕಿಂತ ಮೇಲಿನಿಂದ ಪುಟ್ಟ ದೀಪವೊಂದು ಅದರ ಮೇಲೆ ಬೀಳುವಂತಿದ್ದರೆ ಕಣ್ಣಿಗೆ ಹಿತ. ಬಣ್ಣಗಳು ಎರಡು, ಹೆಚ್ಚೆಂದರೆ ಮೂರು ಸಾಕು. ಅಕ್ಷರಕ್ಕೂ ಹಿನ್ನೆಲೆಗೂ ಸ್ಪಷ್ಟ ವ್ಯತ್ಯಾಸವಿರಬೇಕು. ಇನ್ನು ಪ್ಲಾಸ್ಟಿಕ್ ಫ್ಲೆಕ್ಸ್ ಅನ್ನು ಕರ್ನಾಟಕ ಸರ್ಕಾರ 2016ರಲ್ಲಿಯೇ ನಿಷೇಧಿಸಿದೆ ಎಂಬುದನ್ನು ನೆನಪಿಡಿ.

ಬೇರೆ ಊರುಗಳ ಅನುಭವ

ಈ ಸಮಸ್ಯೆ ನಮ್ಮೊಬ್ಬರದೇ ಅಲ್ಲ. ಲಂಡನ್ನಿನ ಬೀದಿಗಳಲ್ಲಿ ಹಿಂದೆ ಪ್ರತಿ ಅಂಗಡಿಯವರೂ ಪಕ್ಕದವರಿಗಿಂತ ದೊಡ್ಡ ತೂಗುಫಲಕ ಹಾಕಲು ಪೈಪೋಟಿ ನಡೆಸಿ, ಬೀದಿಗೆ ಗಾಳಿ ಬೆಳಕು ಬರದಂತಾಯಿತು. ಫಲಕಗಳು ಬೀಳುವ ಭಯವೂ ಇತ್ತು. 1760ರ ದಶಕದಲ್ಲಿ ಅವುಗಳನ್ನು ತೆಗೆಸಿ ಗೋಡೆಗೆ ಒರಗಿಸುವಂತೆ ಮಾಡಲಾಯಿತು. ಆಸ್ಟ್ರಿಯಾದ ಸಾಲ್ಜ್‌ಬರ್ಗ್ ಊರಿನ ಗೆಟ್ರೈಡೆಗಾಸೆ ಎಂಬ ಕಿರಿದಾದ ಬೀದಿ ಸಂಗೀತಗಾರ ಮೊಜಾರ್ಟ್ ಹುಟ್ಟಿದ ಬೀದಿ. ಅಲ್ಲಿ ಇಂದಿಗೂ ಕಬ್ಬಿಣದ ಕುಸುರಿ ಕೆಲಸದ ತೂಗುಫಲಕಗಳೇ ಇವೆ. ಜಗತ್ತಿನೆಲ್ಲೆಡೆ ಒಂದೇ ಫಲಕ ಹಾಕುವ ದೊಡ್ಡ ಕಂಪನಿಗಳು ಕೂಡ ಅಲ್ಲಿ ಆ ಬೀದಿಯ ಪದ್ಧತಿಗೆ ತಲೆಬಾಗಿವೆ. ನಮ್ಮ ದೇಶದಲ್ಲೇ, 1727ರಲ್ಲಿ ಸ್ಥಾಪನೆಯಾಗಿ 2019ರಲ್ಲಿ ವಿಶ್ವಪರಂಪರೆಯ ಪಟ್ಟಿ ಸೇರಿದ ಜೈಪುರದ ಕೋಟೆಯೊಳಗಿನ ಮುಖ್ಯ ಬಜಾರುಗಳಲ್ಲಿ ಬಿಳಿಯ ಹಿನ್ನೆಲೆಯ ಮೇಲೆ ಕಪ್ಪು ಅಕ್ಷರದ ಒಂದೇ ಬಗೆಯ ಫಲಕಗಳನ್ನು ಕಾಣಬಹುದು.

ಹಾಗೆಂದು ಯಲಹಂಕದಲ್ಲೂ ಚಿಕ್ಕಪೇಟೆಯಲ್ಲೂ ಎಲ್ಲ ಫಲಕಗಳೂ ಒಂದೇ ಬಣ್ಣದಲ್ಲಿರಬೇಕೆಂದು ನಾನು ಹೇಳುತ್ತಿಲ್ಲ. ಒಂದೇ ಯೋಜನೆಯಂತೆ ಕಟ್ಟಿದ ಜೈಪುರಕ್ಕೆ ಏಕರೂಪ ಒಪ್ಪುತ್ತದೆ. ಒಂದೊಂದು ಕಸುಬಿನವರು ಒಂದೊಂದು ಬೀದಿಯಾಗಿ ಬೆಳೆಸಿದ ನಮ್ಮ ಪೇಟೆಗೆ ವೈವಿಧ್ಯವೇ ಗುಣ. ಜಾಗ ಮತ್ತು ಅಳತೆಯಲ್ಲಿ ಶಿಸ್ತಿರಲಿ. ಅಕ್ಷರ ಮತ್ತು ಬಣ್ಣದಲ್ಲಿ ಅವರವರ ರುಚಿಗೆ ಅವಕಾಶವಿರಲಿ.

ಅಂಗಡಿಯವರ ಪ್ರಶ್ನೆ

'ಇದೆಲ್ಲ ಹೇಳಲು ಚೆನ್ನ. ಪಕ್ಕದವರು ಹತ್ತಡಿ ಹಾಕಿದರೆ ನಾನು ಎರಡಡಿ ಹಾಕಿ ಗಿರಾಕಿ ಕಳೆದುಕೊಳ್ಳಲೇ?' ಎಂದು ಅಂಗಡಿಯವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಸಂತೆಯಲ್ಲಿ ಒಬ್ಬ ಗಟ್ಟಿಯಾಗಿ ಕೂಗಿದರೆ ಅವನ ಮಾತು ಕೇಳಿಸುತ್ತದೆ. ಎಲ್ಲರೂ ಗಟ್ಟಿಯಾಗಿ ಕೂಗಿದರೆ ಯಾರದೂ ಕೇಳಿಸುವುದಿಲ್ಲ, ಗಂಟಲು ಮಾತ್ರ ಎಲ್ಲರದೂ ನೋಯುತ್ತದೆ. ಫಲಕದ ಪೈಪೋಟಿಯೂ ಹೀಗೆಯೇ. ಖರ್ಚು ಎಲ್ಲರಿಗೂ ಹೆಚ್ಚುತ್ತದೆ, ಲಾಭ ಯಾರಿಗೂ ಉಳಿಯುವುದಿಲ್ಲ. ಆದ್ದರಿಂದ ಇದನ್ನು ಒಬ್ಬ ಅಂಗಡಿಯವರು ಬಗೆಹರಿಸಲಾರರು. ಬೀದಿಯವರೆಲ್ಲ ಕುಳಿತು ಒಂದು ಅಳತೆಗೆ ಒಪ್ಪಿಕೊಳ್ಳಬೇಕು. ಪಾಲಿಕೆ ಅದಕ್ಕೆ ಬೆಂಬಲ ಕೊಡಬೇಕು. ಒಳ್ಳೆಯ ಮಾದರಿಯನ್ನು ತೋರಿಸುವವರೂ ಬೇಕು.

ಮಾದರಿ ತೋರಿಸುವ ಕೆಲಸವನ್ನು ನೀವು ಮಾಡಬಹುದು. ಯಲಹಂಕವೋ ಯಶವಂತಪುರವೋ, ನಿಮ್ಮ ಊರಿನ ಯಾವುದಾದರೂ ಹಳೆಯ ಬೀದಿಯನ್ನು ಆರಿಸಿಕೊಳ್ಳಿ. ನಾಲ್ಕೈದು ಮಂದಿ ಸೇರಿ ಬೀದಿಯ ಅಗಲವನ್ನು ಅಳೆಯಿರಿ. ಒಂದು ಅಂಗಡಿಯವರ ಒಪ್ಪಿಗೆ ಪಡೆದು ಬಾಗಿಲಿನ ಮೇಲಿನ ಪಟ್ಟಿಯ ಉದ್ದ, ಎತ್ತರಗಳನ್ನು ಬರೆದುಕೊಳ್ಳಿ. ಅಂಗಡಿ ಎಷ್ಟು ಕಾಲದ್ದು, ಮೊದಲು ಯಾವ ಫಲಕವಿತ್ತು, ಬರೆದವರು ಯಾರು ಎಂದು ಹಿರಿಯರನ್ನು ಕೇಳಿ. ಆಮೇಲೆ ಹತ್ತರಲ್ಲಿ ಒಂದಂಶದ ಅಳತೆಯಲ್ಲಿ ಆ ಮುಂಭಾಗವನ್ನು ಹಾಳೆಯ ಮೇಲೆ ಬರೆದು, ಮೂರು ಅಂತಸ್ತಿಗೂ ಜಾಗ ಕೊಟ್ಟು ಕನ್ನಡದ ಹೆಸರನ್ನು ಕೂರಿಸಿ. ನಿಜವಾದ ಅಳತೆಯಲ್ಲಿ ಒಂದೇ ಒಂದು ಅಕ್ಷರವನ್ನು ರಟ್ಟಿನಲ್ಲಿ ಕತ್ತರಿಸಿ ಬೀದಿಯ ಎದುರು ಬದಿಯಿಂದ ನೋಡಿ. ಐದು ಅಂಗುಲದ ಅಕ್ಷರ ಎಷ್ಟು ಚೆನ್ನಾಗಿ ಕಾಣುತ್ತದೆಂದು ನಿಮಗೇ ಆಶ್ಚರ್ಯವಾಗುತ್ತದೆ.

ಆ ಹಾಳೆಯನ್ನು ಅಂಗಡಿಯವರಿಗೇ ಕೊಟ್ಟು ಬನ್ನಿ. ಅವರು ಮುಂದಿನ ಬಾರಿ ಫಲಕ ಬದಲಿಸುವಾಗ ಅದನ್ನು ಹೊರತೆಗೆದು ನೋಡಬಹುದು. ಒಂದು ಅಂಗಡಿಯ ಮುಂದೆ ಗೋಡೆ ಮತ್ತೆ ಕಾಣಿಸಿಕೊಂಡರೆ, ಪಕ್ಕದ ಅಂಗಡಿಯವರು ಅದನ್ನು ನೋಡದೆ ಇರುವುದಿಲ್ಲ.